ವೇದಿಕೆಗಳು ಕತ್ತಲಾಗಿದ್ದಾಗ ಆಲ್ಬಮ್ ಹೊರತಂದವರು

ಪ್ರಶ್ನೆ: ಕೊರೊನಾ ಲಾಕ್‌ಡೌನ್ ಶುರುವಾದ ಹೊತ್ತಿನಲ್ಲೇ, 2020ರ ಏಪ್ರಿಲ್ 3ರಂದು, ಅಮೆರಿಕದ ಪಾಪ್-ಪಂಕ್ ತಂಡ ಆಲ್ ಟೈಮ್ ಲೋ ತನ್ನ ‘ವೇಕ್ ಅಪ್, ಸನ್‌ಶೈನ್’ ಆಲ್ಬಮ್ ಬಿಡುಗಡೆ ಮಾಡಿತು. ಅದೇ ಕಾಲದಲ್ಲಿ ವೀಜರ್ ತಂಡ ತನ್ನ ಆಲ್ಬಮ್ಮನ್ನು ಒಂದು ವರ್ಷ ಮುಂದೂಡಿತು. ಕಾರ್ಯಕ್ರಮ ಕೊಡಲು ಒಂದು ವೇದಿಕೆಯೂ ತೆರೆದಿರದಿದ್ದಾಗ ಇಂಥ ಆಲ್ಬಮ್ ಹೊರತರುವುದು ಕೈಯಾರೆ ನಷ್ಟ ಮಾಡಿಕೊಂಡಂತೆ ಅಲ್ಲವೆ? ಇಬ್ಬರಲ್ಲಿ ಯಾರ ತೀರ್ಮಾನ ಸರಿ? ಇನ್ನೊಂದು ಸಣ್ಣ ಕುತೂಹಲ: ಆ ಕಾಲದಲ್ಲಿ ಮನೆಮನೆಯಲ್ಲಿ ಕೂತು ಮುದ್ರಿಸಿದ ಹಾಡು ಕೇಳಿದರೆ ಗೊತ್ತಾಗುತ್ತದೆಯೆ?

ಉತ್ತರ: ಆಲ್ ಟೈಮ್ ಲೋ ಮಾಡಿದ್ದು ಸರಿ ಎಂದು ನಾನು ಅಂದೂ ನಂಬಿದ್ದೆ, ಇಂದೂ ನಂಬುತ್ತೇನೆ. ವೀಜರ್ ಮಾಡಿದ್ದೂ ತಪ್ಪಲ್ಲ. ಇದು ಇಬ್ಬರಿಗೂ ನೋವಾಗದಂತೆ ಕೊಡುವ ಉತ್ತರವಲ್ಲ. ಎರಡೂ ಆಲ್ಬಮ್‌ಗಳಿಗೆ ಕೇಳುಗರಿಂದ ಬೇಕಾಗಿದ್ದು ಬೇರೆಬೇರೆ ಆಗಿತ್ತು, ಆ ವ್ಯತ್ಯಾಸ ಹಿಡಿದರೆ ನಿಮ್ಮ ಪ್ರಶ್ನೆಯ ಬಹುಪಾಲು ಬಿಡಿಸಿಕೊಳ್ಳುತ್ತದೆ.

ಪಾಪ್-ಪಂಕ್ ಹಾಡಿನ ಕಟ್ಟಡ ಸರಳವಾದದ್ದು. ಪಂಕ್‌ನ ವೇಗ, ಮೂರು ನಾಲ್ಕು ಕಾರ್ಡ್‌ಗಳ (ಒಟ್ಟಿಗೆ ಮೀಟುವ ಸ್ವರಗುಚ್ಛಗಳ) ಗಿಟಾರ್, ಅದರ ಮೇಲೆ ಒಮ್ಮೆ ಕೇಳಿದರೆ ನಾಲಿಗೆಗೆ ಅಂಟಿಕೊಳ್ಳುವ ಪಾಪ್ ರಾಗ. ಆದರೆ ಅದರ ಜೀವಾಳ ಇರುವುದು ಕೋರಸ್ಸಿನಲ್ಲಿ, ಮತ್ತು ಆ ಕೋರಸ್ಸನ್ನು ಬರೆಯುವವನು ತನ್ನೊಬ್ಬನ ಗಂಟಲಿಗಾಗಿ ಬರೆದಿರುವುದಿಲ್ಲ. ಗಾಯಕ ಮೈಕನ್ನು ಜನರ ಕಡೆ ತಿರುಗಿಸಿದಾಗ ಸಾವಿರ ಜನ ಒಂದೇ ಉಸಿರಿನಲ್ಲಿ ಹಾಡಬಲ್ಲಂತೆ, ಸ್ವರ ತೀರ ಮೇಲೆ ಹೋಗದಂತೆ, ಪದಗಳ ನಡುವೆ ಉಸಿರು ತೆಗೆದುಕೊಳ್ಳಲು ಜಾಗ ಇರುವಂತೆ ಬರೆದಿರುತ್ತಾನೆ. ಸ್ಟುಡಿಯೊದಿಂದ ಹೊರಬಂದ ಪಾಪ್-ಪಂಕ್ ಆಲ್ಬಮ್ ಆದ್ದರಿಂದ ಅರ್ಧ ಕೆಲಸ ಮುಗಿದ ವಸ್ತು. ಉಳಿದ ಅರ್ಧವನ್ನು ಜನ ಮುಗಿಸುತ್ತಾರೆ. ಜನ ಮುಗಿಸಬೇಕಾದರೆ ಮೊದಲು ಸಾಹಿತ್ಯ ಬಾಯಿಪಾಠವಾಗಿರಬೇಕು, ಆಮೇಲೆ ಒಂದು ಕಡೆ ಸೇರಬೇಕು. ಸಾಂಕ್ರಾಮಿಕ ಕಿತ್ತುಕೊಂಡದ್ದು ಎರಡನೆಯದನ್ನು ಮಾತ್ರ. ಮೊದಲನೆಯದಕ್ಕೆ ಅಷ್ಟು ಬಿಡುವು ಕೇಳುಗರಿಗೆ ಅದಕ್ಕೆ ಮುಂಚೆ ಎಂದೂ ಸಿಕ್ಕಿರಲಿಲ್ಲ.

ಈಗ ದಿನಾಂಕಗಳನ್ನು ನೋಡಿ. ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್-19 ಅನ್ನು ಜಾಗತಿಕ ಸಾಂಕ್ರಾಮಿಕ ಎಂದು ಕರೆದದ್ದು 2020ರ ಮಾರ್ಚ್ 11ರಂದು. ಅಲ್ಲಿಂದ ಆಲ್ ಟೈಮ್ ಲೋ ಆಲ್ಬಮ್‌ಗೆ ಉಳಿದಿದ್ದದ್ದು 23 ದಿನ. ಈ ತಂಡ 2003ರಲ್ಲಿ ಹುಟ್ಟಿದ್ದು ಮೇರಿಲ್ಯಾಂಡ್ ರಾಜ್ಯದ ಟೌಸನ್‌ನಲ್ಲಿ, ಬಾಲ್ಟಿಮೋರ್ ಪಕ್ಕದ ಊರು. ಆ ರಾಜ್ಯದ ಗವರ್ನರ್ ಎಲ್ಲರೂ ಮನೆಯಲ್ಲೇ ಇರಬೇಕೆಂದು ಆದೇಶ ಹೊರಡಿಸಿದ್ದು ಮಾರ್ಚ್ 30ಕ್ಕೆ, ಅಂದರೆ ಬಿಡುಗಡೆಯ ನಾಲ್ಕು ದಿನ ಮೊದಲು. ಹೊರಗಿನವರಿಗೆ 23 ದಿನ ಎಂದರೆ ನಿಲ್ಲಿಸಲು ಧಾರಾಳ ಸಮಯ ಅನ್ನಿಸಬಹುದು. ಆಲ್ಬಮ್ ಬಿಡುಗಡೆ ಹೇಗೆ ನಡೆಯುತ್ತದೆ ಎಂದು ಬಲ್ಲವರಿಗೆ ಅದು ಏನೂ ಅಲ್ಲ. ಮಿಕ್ಸಿಂಗ್ (ದನಿ, ವಾದ್ಯಗಳನ್ನು ಹದವಾಗಿ ಬೆರೆಸುವುದು), ಮಾಸ್ಟರಿಂಗ್ (ಕೊನೆಯ ಒಪ್ಪ ಕೊಡುವುದು) ಮುಗಿದು ಅಂತಿಮ ಪ್ರತಿ ಕಂಪನಿಯ ಕೈಸೇರುವುದು ಬಿಡುಗಡೆಗೆ ತಿಂಗಳುಗಳ ಮುಂಚೆ. ಆಮೇಲೆ ಸಿಡಿ ಮತ್ತು ವೈನಿಲ್ (ಗ್ರಾಮಫೋನ್ ತಟ್ಟೆ) ಅಚ್ಚಾಗಬೇಕು, ಹೊದಿಕೆ ಮುದ್ರಣವಾಗಬೇಕು, ಒಂದೊಂದೇ ಸಿಂಗಲ್, ಅಂದರೆ ಬಿಡಿ ಹಾಡು, ಬಿಟ್ಟು ಕೇಳುಗರ ಹಸಿವು ಬೆಳೆಸಬೇಕು. ಮೊದಲ ಸಿಂಗಲ್ ‘ಸಮ್ ಕೈಂಡ್ ಆಫ್ ಡಿಸಾಸ್ಟರ್’ ಜನವರಿಯಲ್ಲೇ ಬಂದಿತ್ತು. ಹೆಸರಿನಲ್ಲಿ ವಿಪತ್ತು ಇದ್ದದ್ದು ಬರೀ ಕಾಕತಾಳೀಯ, ಹಾಡು ಬರೆದಾಗ ಯಾರಿಗೂ ಇದರ ಸುಳಿವು ಇರಲಿಲ್ಲ. ಮುಂಗಡ ಹಣ ಕೊಟ್ಟ ಅಭಿಮಾನಿಗಳು ದಿನ ಎಣಿಸುತ್ತಿದ್ದರು. ಖರ್ಚೆಲ್ಲ ಆಗಿಹೋಗಿತ್ತು. ಇಂಥ ಹೊತ್ತಿನಲ್ಲಿ ಮುಂದೂಡುವುದೆಂದರೆ ಮಾಡಿದ ಖರ್ಚನ್ನು ಇನ್ನೊಮ್ಮೆ ಮಾಡಲು ಒಪ್ಪಿಕೊಂಡಂತೆ.

ಹಾಗೆಂದು ಬಿಡುಗಡೆಯ ದಿನ ಹೂವಿನ ಹಾಸಿಗೆಯಾಗಿರಲಿಲ್ಲ. ಅಂಗಡಿಗಳು ಮುಚ್ಚಿದ್ದವು. ಅಮೆಜಾನ್ ಕಂಪನಿ ಮಾರ್ಚ್ 17ರಿಂದ ಏಪ್ರಿಲ್ 5ರವರೆಗೆ ದಿನಸಿ, ಔಷಧ, ಮನೆಬಳಕೆಯ ವಸ್ತುಗಳಿಗೆ ಆದ್ಯತೆ ಕೊಟ್ಟು, ಅವಶ್ಯಕವಲ್ಲದ ಸರಕನ್ನು ತನ್ನ ಉಗ್ರಾಣಗಳಿಗೆ ಒಳತೆಗೆದುಕೊಳ್ಳುವುದನ್ನು ನಿಲ್ಲಿಸಿತ್ತು. ಸಿಡಿ, ವೈನಿಲ್‌ಗಳು ಅವಶ್ಯಕ ವಸ್ತುಗಳ ಪಟ್ಟಿಯಲ್ಲಿರಲಿಲ್ಲ, ಮತ್ತು ಏಪ್ರಿಲ್ 3 ಆ ಅವಧಿಯ ಒಳಗೇ ಬಿತ್ತು. ವೈನಿಲ್‌ನವರಿಗೆ ಅದಕ್ಕೂ ಮೊದಲೇ ಒಂದು ಪೆಟ್ಟು ಬಿದ್ದಿತ್ತು. ವೈನಿಲ್ ಅಚ್ಚಿನ ಮೂಲ ಫಲಕಕ್ಕೆ ಬೇಕಾದ ಲ್ಯಾಕರ್ ತಟ್ಟೆಗಳನ್ನು ಜಗತ್ತಿನಲ್ಲಿ ಎರಡೇ ಕಾರ್ಖಾನೆಗಳು ಮಾಡುತ್ತಿದ್ದವು, ಅವುಗಳಲ್ಲಿ ಕ್ಯಾಲಿಫೋರ್ನಿಯಾದ ಬ್ಯಾನಿಂಗ್‌ನಲ್ಲಿದ್ದ ಅಪೋಲೊ ಮಾಸ್ಟರ್ಸ್ ಫೆಬ್ರುವರಿ 6ರಂದು ಬೆಂಕಿಗೆ ಆಹುತಿಯಾಗಿ, ಉಳಿದದ್ದು ಜಪಾನಿನ ಒಂದು ಮಾತ್ರ. ಏಪ್ರಿಲ್ 18ಕ್ಕೆ ನಡೆಯಬೇಕಿದ್ದ ರೆಕಾರ್ಡ್ ಸ್ಟೋರ್ ಡೇ, ಅಂದರೆ ಸಂಗೀತದ ಅಂಗಡಿಗಳ ವಾರ್ಷಿಕ ಹಬ್ಬ, ಮೊದಲು ಜೂನ್‌ಗೆ ಹೋಗಿ, ಕೊನೆಗೆ ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳ ಮೂರು ದಿನಗಳಿಗೆ ಹಂಚಿಹೋಯಿತು. ಇಷ್ಟೆಲ್ಲ ಆದರೂ 2020ರ ಮೊದಲ ಆರು ತಿಂಗಳಲ್ಲಿ ಅಮೆರಿಕದಲ್ಲಿ ವೈನಿಲ್ ಮಾರಾಟದ ಹಣ, 1980ರ ದಶಕದ ನಂತರ ಮೊದಲ ಬಾರಿಗೆ, ಸಿಡಿಯ ಹಣವನ್ನು ಮೀರಿತು: ವೈನಿಲ್ 23.21 ಕೋಟಿ ಡಾಲರ್, ಸಿಡಿ 12.99 ಕೋಟಿ ಡಾಲರ್. ಕಾರ್ಯಕ್ರಮಕ್ಕೆ ಹೋಗಲಾಗದ ಅಭಿಮಾನಿ ಕೈಯಲ್ಲಿ ಹಿಡಿಯಬಹುದಾದ ಏನನ್ನಾದರೂ ಬಯಸಿದ್ದ ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ.

ನಷ್ಟದ ಮಾತಿಗೆ ಬರೋಣ, ಏಕೆಂದರೆ ನಿಮ್ಮ ಪ್ರಶ್ನೆಯ ಕಾಳಜಿ ನಿಜವಾದದ್ದು. ಈ ಪ್ರಕಾರದ ತಂಡಗಳಿಗೆ ಆಲ್ಬಮ್ ಮಾರಾಟದಿಂದ ಹೊಟ್ಟೆ ತುಂಬುವುದಿಲ್ಲ. ಅಮೆರಿಕದಲ್ಲಿ ಹಾಡು, ಆಲ್ಬಮ್‌ಗಳ ಜನಪ್ರಿಯತೆ ಅಳೆಯುವ ಬಿಲ್‌ಬೋರ್ಡ್ ಪಟ್ಟಿಯ 2020ರ ಲೆಕ್ಕದಲ್ಲಿ, ಹಣ ಕೊಟ್ಟ ಚಂದಾದಾರರು ಒಂದು ಆಲ್ಬಮ್ಮಿನ ಹಾಡುಗಳನ್ನು 1,250 ಬಾರಿ ಸ್ಟ್ರೀಮ್ ಮಾಡಿದರೆ ಒಂದು ಆಲ್ಬಮ್ ಮಾರಾಟವಾದಂತಿತ್ತು. ಜಾಹೀರಾತು ಕೇಳಿಕೊಂಡು ಉಚಿತವಾಗಿ ಕೇಳುವವರದಾದರೆ 3,750 ಬಾರಿ ಬೇಕಿತ್ತು. ತಂಡವನ್ನು ಸಾಕುವುದು ಟೂರ್ ಮತ್ತು ಟೂರಿನಲ್ಲಿ ಮಾರುವ ಟೀ ಶರ್ಟ್. ಆಲ್ಬಮ್ ಬರುತ್ತದೆ, ಅದನ್ನು ಹಿಡಿದು ಒಂದೂವರೆ ಎರಡು ವರ್ಷ ಊರೂರು ತಿರುಗುತ್ತಾರೆ, ಮತ್ತೆ ಸ್ಟುಡಿಯೊ ಸೇರುತ್ತಾರೆ. 2020ರಲ್ಲಿ ಈ ಚಕ್ರದ ನಡು ಅಚ್ಚೇ ಮುರಿದುಬಿತ್ತು. ಜೊತೆಗೆ, 1995ರಿಂದ ಈ ಸಂಗೀತದ ಬೇಸಿಗೆಯ ಮನೆಯಂತಿದ್ದ ವಾರ್ಪ್ಡ್ ಟೂರ್ ದೇಶ ಸುತ್ತುವುದನ್ನು 2018ಕ್ಕೇ ಮುಗಿಸಿತ್ತು, ಅದರ ಜಾಗ ತುಂಬಲು 2019ರಲ್ಲಿ ಶುರುವಾದ ಸ್ಯಾಡ್ ಸಮ್ಮರ್ ಫೆಸ್ಟ್ ಆಗ ಇನ್ನೂ ಎಳೆಯದು. ಬ್ಯಾಂಡ್ ಮಾತ್ರವಲ್ಲ, ಡ್ರಮ್ಸ್ ಹೊರುವವರು, ಧ್ವನಿ ನೋಡಿಕೊಳ್ಳುವವರು, ಬಸ್ ಓಡಿಸುವವರು, ಮೇಜು ಹಾಕಿ ಟೀ ಶರ್ಟ್ ಮಾರುವವರು ಎಲ್ಲರೂ ಒಂದೇ ವಾರದಲ್ಲಿ ಕೆಲಸ ಕಳೆದುಕೊಂಡರು. ಆಲ್ಬಮ್ಮುಗಳ ಬಗ್ಗೆ ಬರೆಯುವಾಗ ಇವರನ್ನು ಮರೆಯುವುದು ನನಗೆ ಅನ್ಯಾಯವಾಗಿ ಕಾಣುತ್ತದೆ. ಕಲಾವಿದರು ಕೇಳುಗರಿಗೆ ನೇರವಾಗಿ ಹಾಡು ಮಾರುವ ಬ್ಯಾಂಡ್‌ಕ್ಯಾಂಪ್ ತಾಣ ಮಾರ್ಚ್ 20ರಂದು ತನ್ನ ಪಾಲನ್ನು ಬಿಟ್ಟುಕೊಟ್ಟು ಪೂರ್ತಿ ಹಣ ಕಲಾವಿದರಿಗೇ ಸಿಗುವಂತೆ ಮಾಡಿದಾಗ, ಕೇಳುಗರು ಒಂದೇ ದಿನದಲ್ಲಿ 43 ಲಕ್ಷ ಡಾಲರ್ ಖರ್ಚು ಮಾಡಿದರು. ಅದು ದೊಡ್ಡ ಮನಸ್ಸು. ಆದರೆ ಟೂರಿಗೆ ಅದು ಸಾಟಿಯಾಗಲಾರದು.

ಹೀಗಿರುವಾಗ ಮುಂದೂಡಿದವರ ಲೆಕ್ಕ ಏನಿತ್ತು? ವೀಜರ್ ಅನ್ನು ಪಾಪ್-ಪಂಕ್ ಎನ್ನುವುದಕ್ಕಿಂತ ಪವರ್ ಪಾಪ್ (ಇಂಪಾದ ಪಾಪ್ ರಾಗಕ್ಕೆ ಗಟ್ಟಿ ಗಿಟಾರ್ ಬೆರೆಸಿದ ರಾಕ್) ಎನ್ನುವುದು ಹೆಚ್ಚು ಸರಿ, ಆದರೆ ಅವರ ಉದಾಹರಣೆ ಇಲ್ಲಿ ತುಂಬ ಕಲಿಸುತ್ತದೆ. ಗ್ರೀನ್ ಡೇ, ಫಾಲ್ ಔಟ್ ಬಾಯ್, ವೀಜರ್ ಮೂವರೂ ಸೇರಿ 2020ರ ಬೇಸಿಗೆಗೆ ಹೆಲ್ಲಾ ಮೆಗಾ ಟೂರ್ ಎಂಬ ಕ್ರೀಡಾಂಗಣಗಳ ಪ್ರವಾಸ ಗೊತ್ತುಮಾಡಿದ್ದರು. ಗ್ರೀನ್ ಡೇ ತನ್ನ ಆಲ್ಬಮ್ಮನ್ನು ಫೆಬ್ರುವರಿ 7ಕ್ಕೇ ಬಿಟ್ಟಾಗಿತ್ತು. ವೀಜರ್‌ನ ‘ವ್ಯಾನ್ ವೀಜರ್’ ಮೇ ತಿಂಗಳಿಗೆ ಬರಬೇಕಿತ್ತು; ಅದು ದೊಡ್ಡ ಗಿಟಾರ್‌ಗಳ, ಕ್ರೀಡಾಂಗಣದ ಗಾಳಿ ಬೇಡುವ ಆಲ್ಬಮ್. ಟೂರ್ 2021ಕ್ಕೆ ಹೋದಾಗ ಆಲ್ಬಮ್ಮೂ ಹೋಯಿತು, 2021ರ ಮೇ 7ರಂದು ಹೊರಬಂತು. ಆದರೆ ಗಮನಿಸಬೇಕಾದದ್ದು ಇನ್ನೊಂದು: ಅದೇ ತಂಡ ನಡುವೆ, 2021ರ ಜನವರಿ 29ರಂದು, ‘ಓಕೆ ಹ್ಯೂಮನ್’ ಎಂಬ ಬೇರೆಯದೇ ಆಲ್ಬಮ್ ಕೊಟ್ಟಿತು. ಅಬ್ಬರದ ಗಿಟಾರ್‌ಗಳ ಜಾಗದಲ್ಲಿ ಪಿಯಾನೊ, 38 ವಾದ್ಯಗಾರರ ಆರ್ಕೆಸ್ಟ್ರಾ, ಮನೆಯೊಳಗಿನ ದಿನಚರಿಯ ಹಾಡುಗಳು. ಯಾವ ಆಲ್ಬಮ್ಮನ್ನು ಒಬ್ಬನೇ ಕೂತು ಕೇಳಬಹುದು, ಯಾವುದಕ್ಕೆ ಐವತ್ತು ಸಾವಿರ ಜನ ಬೇಕು ಎಂದು ಆ ತಂಡ ತನ್ನ ಹಾಡುಗಳನ್ನೇ ಕೇಳಿ ತೀರ್ಮಾನಿಸಿದೆ ಎಂದು ನನಗೆ ತೋರುತ್ತದೆ. ಮುಂದೂಡುವುದರಲ್ಲಿ ಇಷ್ಟು ವಿವೇಕ ತೋರಿದವರು ಕಡಿಮೆ.

ಆಲ್ ಟೈಮ್ ಲೋ ಆಲ್ಬಮ್ಮಿನ ಸ್ವಭಾವ ನಡುಮಧ್ಯದ್ದು. 2017ರ ‘ಲಾಸ್ಟ್ ಯಂಗ್ ರೆನೆಗೇಡ್’ನಲ್ಲಿ ಸಿಂಥಸೈಜರ್‌ಗಳ ಕಡೆ ವಾಲಿದ್ದ ತಂಡ, ಈ ಬಾರಿ ಕ್ಯಾಲಿಫೋರ್ನಿಯಾದ ಪಾಮ್ ಸ್ಪ್ರಿಂಗ್ಸ್‌ನಲ್ಲಿ ಒಂದೇ ಮನೆಯಲ್ಲಿ ಕೂಡಿ ಉಳಿದು, ಒಟ್ಟಿಗೆ ಕೂತು ಹಾಡು ಕಟ್ಟಿತ್ತು. ನಾಲ್ವರು ಗೆಳೆಯರು ಒಂದೇ ಕೋಣೆಯಲ್ಲಿರುವ ಖುಷಿ ಆ ಮುದ್ರಣದಲ್ಲಿ ಕೇಳಿಸುತ್ತದೆ. ಯಾರೂ ಯಾರ ಹತ್ತಿರವೂ ಹೋಗಬಾರದ ವಾರದಲ್ಲಿ ಇದು ಕೇಳುಗರ ಕಿವಿಗೆ ಬಿತ್ತು. ಒಂದು ವರ್ಷ ತಡೆದಿದ್ದರೆ ಅದೇ ಹಾಡುಗಳು ಅಷ್ಟು ಬೇಕಾಗಿ ಬರುತ್ತಿರಲಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಿಜವಾದ ಉತ್ತರ ಸಿಕ್ಕಿದ್ದು ತಿಂಗಳುಗಳ ನಂತರ, ಒಂದು ಹಾಡಿನ ಮೂಲಕ. ರ್‍ಯಾಪ್ ಗಾಯಕ ಬ್ಲ್ಯಾಕ್‌ಬೇರ್ ಜೊತೆ ಮಾಡಿದ ‘ಮಾನ್‌ಸ್ಟರ್ಸ್’ ಆಲ್ಬಮ್ಮಿನ ಒಳಗೆ ಒಂದು ಹಾಡಾಗಿ ಬಂದಿತ್ತು. ಸಾಮಾನ್ಯ ವರ್ಷವಾಗಿದ್ದರೆ ತಂಡ ಬಸ್ಸಿನಲ್ಲಿರುತ್ತಿತ್ತು, ಪ್ರತಿ ರಾತ್ರಿ ಚಪ್ಪಾಳೆ ಗಿಟ್ಟಿಸುವ ಹಳೆಯ ಹಾಡುಗಳೇ ಮುಂದೆ ನಿಲ್ಲುತ್ತಿದ್ದವು. ಟೂರ್ ಇಲ್ಲದ್ದರಿಂದ ರೇಡಿಯೊ ಮತ್ತು ಸ್ಟ್ರೀಮಿಂಗ್ ಎರಡೇ ದಾರಿಗಳಾದವು, ಅವು ನಿಧಾನದ ದಾರಿಗಳು. ಆ ನಿಧಾನದಲ್ಲೇ ಹಾಡು ಬೆಳೆದು, ವರ್ಷ ಮುಗಿಯುವುದರೊಳಗೆ ಬಿಲ್‌ಬೋರ್ಡ್‌ನ ಆಲ್ಟರ್ನೇಟಿವ್ ಏರ್‌ಪ್ಲೇ (ಆಲ್ಟರ್ನೇಟಿವ್ ರಾಕ್ ಹಾಡುಗಳ ರೇಡಿಯೊ ಪ್ರಸಾರದ) ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು, ವಾರಗಟ್ಟಲೆ ಅಲ್ಲೇ ನಿಂತಿತು. ಹುಟ್ಟಿ 17 ವರ್ಷ ಕಳೆದ, ಎಂಟನೆಯ ಆಲ್ಬಮ್ ತಂದ ತಂಡಕ್ಕೆ ಆ ಪಟ್ಟಿಯಲ್ಲಿ ಅದೇ ಮೊದಲ ಅಗ್ರಸ್ಥಾನ. ಡಿಸೆಂಬರ್‌ನಲ್ಲಿ ಡೆಮಿ ಲೊವಾಟೊ ದನಿ ಸೇರಿಸಿದ ಇನ್ನೊಂದು ರೂಪವೂ ಬಂತು. ವೇದಿಕೆ ಇಲ್ಲದ್ದು ಒಳ್ಳೆಯದಾಯಿತು ಎಂದು ನಾನು ಖಂಡಿತ ಹೇಳುವುದಿಲ್ಲ. ಟೂರಿನ ಬಲವನ್ನೇ ನಂಬಿದ್ದ ಪ್ರಕಾರವೊಂದು ಹಾಡಿನ ಬಲದಿಂದಲೂ ನಿಲ್ಲಬಲ್ಲದು ಎಂಬುದಕ್ಕೆ ಇದು ಸಾಕ್ಷಿ, ಅಷ್ಟೆ.

ಆ ವರ್ಷ ಹಿಂಜರಿಯದೆ ಆಲ್ಬಮ್ ಕೊಟ್ಟವರು ಇನ್ನೂ ಇದ್ದರು. ನ್ಯೂ ಫೌಂಡ್ ಗ್ಲೋರಿ ತಂಡ ಜೂನ್ 19ರಂದು ‘ಫಾರೆವರ್ ಅಂಡ್ ಎವರ್ ಟೈಮ್ಸ್ ಇನ್ಫಿನಿಟಿ’ ತಂದಿತು. ಆಲ್ ಟೈಮ್ ಲೋ ತನ್ನ ಹೆಸರನ್ನು ಪಡೆದದ್ದೇ ಈ ಹಿರಿಯ ತಂಡದ ಹಾಡಿನ ಒಂದು ಸಾಲಿನಿಂದ. ಷಿಕಾಗೊ ಕಡೆಯ ನಕಲ್ ಪಕ್ ಸೆಪ್ಟೆಂಬರ್ 18ರಂದು ತಂದ ಆಲ್ಬಮ್ಮಿನ ಹೆಸರು ‘20/20’. ವೇಲ್ಸ್‌ನ ರೆಕ್ಸಮ್ ಊರಿನ ನೆಕ್ ಡೀಪ್ ಜುಲೈ 24ರಂದು ತಂದ ‘ಆಲ್ ಡಿಸ್ಟಾರ್ಷನ್ಸ್ ಆರ್ ಇಂಟೆನ್ಷನಲ್’ ನನಗೆ ಹೆಚ್ಚು ಇಷ್ಟವಾದದ್ದು. ಜೆಟ್ ಎಂಬ ಒಂಟಿ ಹುಡುಗ, ಆಲಿಸ್ ಎಂಬ ಹುಡುಗಿ, ಸಾಂಡರ್‌ಲ್ಯಾಂಡ್ ಎಂಬ ಕಲ್ಪಿತ ಊರು, ಇವರ ಕಥೆ ಮೊದಲ ಹಾಡಿನಿಂದ ಕೊನೆಯವರೆಗೆ ಸಾಗುತ್ತದೆ. ಕಥೆ ಹೇಳುವ ಆಲ್ಬಮ್ಮನ್ನು ಅನುಕ್ರಮ ತಪ್ಪಿಸದೆ ಕೇಳಬೇಕು, ಮತ್ತು ಅಷ್ಟು ಹೊತ್ತು ಒಂದೆಡೆ ಕೂರುವ ವ್ಯವಧಾನ ಆ ಬೇಸಿಗೆಯಲ್ಲಿ ಹುಡುಗರಿಗೆ ಇತ್ತು.

ಇನ್ನು ನಿಮ್ಮ ಕೊನೆಯ ಕುತೂಹಲಕ್ಕೆ ಬರುತ್ತೇನೆ. ಅದನ್ನು ನೀವು ಸಣ್ಣದು ಎಂದಿದ್ದೀರಿ, ನನಗೆ ಅದೇ ದೊಡ್ಡದು, ಏಕೆಂದರೆ ನಾನು ಧ್ವನಿಮುದ್ರಣದ ಕೆಲಸದವನು. ಮೊದಲು ಒಂದು ಭೇದ ಮಾಡಿಕೊಳ್ಳಬೇಕು. ಮೇಲೆ ಹೇಳಿದ ‘ವೇಕ್ ಅಪ್, ಸನ್‌ಶೈನ್’ ಸಾಂಕ್ರಾಮಿಕಕ್ಕೆ ಮುಂಚೆಯೇ ಮುದ್ರಿತವಾದದ್ದು. ನೆಕ್ ಡೀಪ್‌ನವರೂ ವೇಲ್ಸ್‌ನ ಮಾನ್‌ಮತ್ ಬಳಿಯ ಮಾನೋ ವ್ಯಾಲಿ ಸ್ಟುಡಿಯೊದಲ್ಲಿ ನಿರ್ಮಾಪಕ ಮ್ಯಾಟ್ ಸ್ಕ್ವಯರ್ ಜೊತೆ ಸೇರಿ ಮುದ್ರಿಸಿದವರು. ಬೇರೆಬೇರೆ ಮನೆಗಳಲ್ಲಿ ಕೂತು ಮಾಡಿದ ಹಾಡುಗಳು ಹೆಚ್ಚಾಗಿ ಅದರ ನಂತರದವು.

ದೂರದಿಂದ ಒಟ್ಟಿಗೆ ನುಡಿಸಲು ಏಕೆ ಆಗುವುದಿಲ್ಲ ಎಂಬುದನ್ನು ಲೆಕ್ಕದಲ್ಲಿ ತೋರಿಸುತ್ತೇನೆ. ಗಾಳಿಯಲ್ಲಿ ಶಬ್ದ ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್ ಬೇಕು. ಡ್ರಮ್ಸ್‌ನಿಂದ ಮೂರು ಮೀಟರ್ ದೂರ ನಿಂತ ಗಿಟಾರ್ ವಾದಕನಿಗೆ ಪೆಟ್ಟು 9 ಮಿಲಿಸೆಕೆಂಡ್ ತಡವಾಗಿ ಕೇಳುತ್ತದೆ, ಅದು ಕಿವಿಗೆ ಗೊತ್ತೇ ಆಗುವುದಿಲ್ಲ. ಈ ತಡ 25, 30 ಮಿಲಿಸೆಕೆಂಡ್ ದಾಟಿದರೆ ತಾಳ ಎಳೆಯತೊಡಗುತ್ತದೆ. ನಿಮಿಷಕ್ಕೆ 180 ಪೆಟ್ಟಿನ ಹಾಡೆಂದರೆ ಪಾಪ್-ಪಂಕ್‌ನಲ್ಲಿ ಮಾಮೂಲು ವೇಗ; ಅಲ್ಲಿ ಒಂದು ಪೆಟ್ಟಿಗೆ 333 ಮಿಲಿಸೆಕೆಂಡ್, ಅದರ ಕಾಲುಭಾಗಕ್ಕೆ 83. ಸಾಮಾನ್ಯ ವಿಡಿಯೊ ಕರೆಯಲ್ಲಿ ಶಬ್ದ ನೂರು ಮಿಲಿಸೆಕೆಂಡಿಗೂ ಮೀರಿ ತಡವಾಗುವುದು ಸಹಜ. ಅಂದರೆ ನಿಮ್ಮ ಡ್ರಮ್ಮರ್ ನಿಮಗಿಂತ ಕಾಲು ಪೆಟ್ಟಿಗೂ ಹೆಚ್ಚು ಹಿಂದೆ ಇದ್ದಾನೆ, ಅವನಿಗೆ ನೀವೂ ಅಷ್ಟೇ ಹಿಂದೆ ಇದ್ದೀರಿ, ಇಬ್ಬರೂ ಇನ್ನೊಬ್ಬನಿಗಾಗಿ ಕಾಯುತ್ತ ಹೋದರೆ ಹಾಡು ನಾಲ್ಕು ಸಾಲಿನೊಳಗೆ ತೆವಳುತ್ತದೆ.

ಆದ್ದರಿಂದ ಒಬ್ಬೊಬ್ಬರೂ ಒಂದೇ ಕ್ಲಿಕ್ ಟ್ರ್ಯಾಕ್ (ತಾಳ ತೋರಿಸುವ ಟಿಕ್ ಟಿಕ್ ಸದ್ದು) ಕಿವಿಗೆ ಹಾಕಿಕೊಂಡು ಬೇರೆಬೇರೆಯಾಗಿ ನುಡಿಸಿ, ಫೈಲ್ ಕಳಿಸಿ, ಮಿಕ್ಸ್ ಮಾಡುವವನು ಜೋಡಿಸಬೇಕಾಯಿತು. ಗಿಟಾರ್, ಬೇಸ್‌ಗಳಿಗೆ ಇದು ಕಷ್ಟವಲ್ಲ. ತಂತಿಯ ಸಂಕೇತವನ್ನು ನೇರವಾಗಿ ಕಂಪ್ಯೂಟರ್‌ಗೆ ಇಳಿಸಿ, ಆಂಪ್ಲಿಫೈಯರ್‌ನ ಗುಣವನ್ನು ಆಮೇಲೆ ಹಚ್ಚಬಹುದು. ದನಿಗೆ ಬಟ್ಟೆಗಳು ತುಂಬಿದ ಬೀರುವಿನ ಬಾಗಿಲು ತೆರೆದು, ಬೆನ್ನ ಹಿಂದೆ ದಪ್ಪ ಹೊದಿಕೆ ನೇತುಹಾಕಿದರೆ ಸಾಕಷ್ಟು ಒಳ್ಳೆಯ ಮುದ್ರಣ ಸಿಗುತ್ತದೆ. ಡ್ರಮ್ಸ್ ಒಂದೇ ತೊಡಕು: ಹತ್ತಾರು ಮೈಕುಗಳು ಬೇಕು, ಎತ್ತರದ ಸೂರಿನ ಕೋಣೆ ಬೇಕು, ನೆರೆಯವರ ಸಹನೆಯೂ ಬೇಕು. ಬ್ಲಿಂಕ್-182 ತಂಡದ ಡ್ರಮ್ಮರ್ ಟ್ರಾವಿಸ್ ಬಾರ್ಕರ್ ನಿರ್ಮಾಪಕನೂ ಆಗಿ ಮಷೀನ್ ಗನ್ ಕೆಲ್ಲಿಗೆ ಮಾಡಿಕೊಟ್ಟ ‘ಟಿಕೆಟ್ಸ್ ಟು ಮೈ ಡೌನ್‌ಫಾಲ್’ ಸೆಪ್ಟೆಂಬರ್ 25ರಂದು ಬಂದು ಬಿಲ್‌ಬೋರ್ಡ್ 200 ಪಟ್ಟಿಯ ಮೊದಲ ಸ್ಥಾನಕ್ಕೆ ಹೋದದ್ದನ್ನು ನಾನು ಈ ಕಾರಣಕ್ಕೂ ನೆನೆಯುತ್ತೇನೆ. ಡ್ರಮ್ಮರೇ ನಿರ್ಮಾಪಕನಾದರೆ ಕೋಣೆಯಲ್ಲಿ ಇಬ್ಬರು ಮೂವರಿದ್ದರೂ ಆಲ್ಬಮ್ ಆಗುತ್ತದೆ.

ಕಿವಿಗೆ ಎಲ್ಲಿ ಗೊತ್ತಾಗುತ್ತದೆ? ಗಿಟಾರಿನಲ್ಲಿ ಹುಡುಕಬೇಡಿ, ಡ್ರಮ್ಸ್‌ನಲ್ಲೂ ಬೇಡ. ಕೋರಸ್ಸಿನ ಹಿಂದೆ ಗುಂಪಾಗಿ ಕೂಗುವ ದನಿಗಳನ್ನು ಕೇಳಿ. ನಮ್ಮ ಕೆಲಸದಲ್ಲಿ ಅದಕ್ಕೆ ಗ್ಯಾಂಗ್ ವೋಕಲ್ಸ್ ಎನ್ನುತ್ತೇವೆ. ಸ್ಟುಡಿಯೊದಲ್ಲಿ ಅದನ್ನು ಮುದ್ರಿಸುವಾಗ ಬ್ಯಾಂಡಿನವರು, ಅವರ ಗೆಳೆಯರು, ಚಹ ತಂದುಕೊಟ್ಟ ಹುಡುಗ ಎಲ್ಲರನ್ನೂ ಒಂದೆರಡು ಮೈಕುಗಳ ಸುತ್ತ ನಿಲ್ಲಿಸುತ್ತೇವೆ. ಒಬ್ಬ ಸ್ವಲ್ಪ ಮುಂಚೆ ಶುರುಮಾಡುತ್ತಾನೆ, ಇನ್ನೊಬ್ಬನ ಶ್ರುತಿ ಕೊಂಚ ಕೆಳಗಿರುತ್ತದೆ, ಹಿಂದೆ ನಿಂತವನ ದನಿ ಗೋಡೆಗೆ ಬಡಿದು ಬರುತ್ತದೆ, ಸಾಲು ಮುಗಿದ ಮೇಲೆ ಯಾರೋ ನಕ್ಕದ್ದು ಕತ್ತರಿಸಿದರೂ ಚೂರು ಉಳಿದಿರುತ್ತದೆ. ಈ ಎಲ್ಲ ಕೊರತೆಗಳು ಒಂದೇ ಗಾಳಿಯಲ್ಲಿ ಬೆರೆತಾಗ ಕೇಳುಗನಿಗೆ ಅದು ‘ಜನ’ ಎಂದು ಕೇಳಿಸುತ್ತದೆ. ಲಾಕ್‌ಡೌನ್‌ನಲ್ಲಿ ಇಂಥ ದನಿಗಳನ್ನು ಹತ್ತು ಮನೆಗಳಿಂದ ಹತ್ತು ಫೋನ್‌ಗಳಲ್ಲಿ ತರಿಸಿಕೊಂಡು ಒಂದರ ಮೇಲೊಂದು ಪೇರಿಸುವ ಕೆಲಸವನ್ನು ನಾನೂ ಮಾಡಿದ್ದೇನೆ. ಪ್ರತಿಯೊಬ್ಬರೂ ಕ್ಲಿಕ್ಕಿಗೆ ಸರಿಯಾಗಿ ಶುರುಮಾಡಿರುತ್ತಾರೆ, ಪಕ್ಕದ ಕೋಣೆಯಲ್ಲಿ ಮಲಗಿದವರಿಗೆ ಎಚ್ಚರವಾಗದಿರಲಿ ಎಂದು ಅರ್ಧ ಗಂಟಲಿನಲ್ಲಿ ಕೂಗಿರುತ್ತಾರೆ. ಕೃತಕವಾಗಿ ಕೋಣೆಯ ಅನುರಣನ ಹಚ್ಚಿದರೂ ಅದು ಹತ್ತು ಜನ ಬೇರೆಬೇರೆ ನಿಂತಂತೆಯೇ ಕೇಳುತ್ತದೆ. ಹೆಡ್‌ಫೋನ್ ಹಾಕಿ, ಕೋರಸ್ ಮುಗಿಯುವ ಕೊನೆಯ ಅಕ್ಷರಕ್ಕೆ ಕಿವಿಗೊಡಿ: ಒಂದೇ ಕೋಣೆಯಲ್ಲಿ ನಿಂತವರು ಒಬ್ಬರನ್ನೊಬ್ಬರು ನೋಡಿಕೊಂಡು ಒಟ್ಟಿಗೆ ಉಸಿರು ಬಿಡುತ್ತಾರೆ, ಮನೆಮನೆಯವರ ಕೊನೆಗಳು ಚೆಲ್ಲಾಪಿಲ್ಲಿಯಾಗಿ ಬೀಳುತ್ತವೆ ಅಥವಾ ಕತ್ತರಿ ಹಾಕಿದಂತೆ ಒಂದೇ ಗೆರೆಯಲ್ಲಿ ನಿಲ್ಲುತ್ತವೆ.

2020ರ ಬೇಸಿಗೆಗೆ ಗೊತ್ತಾಗಿದ್ದ ಸ್ಯಾಡ್ ಸಮ್ಮರ್ ಫೆಸ್ಟ್ ಕೊನೆಗೆ ನಡೆದದ್ದು 2021ರಲ್ಲಿ, ಮುಂಚೂಣಿಯಲ್ಲಿ ಆಲ್ ಟೈಮ್ ಲೋ ಇತ್ತು. ಅಷ್ಟು ಹೊತ್ತಿಗೆ ‘ವೇಕ್ ಅಪ್, ಸನ್‌ಶೈನ್’ ಬಂದು ವರ್ಷ ದಾಟಿತ್ತು. ಸಾಮಾನ್ಯವಾಗಿ ಹೊಸ ಆಲ್ಬಮ್ಮಿನ ಟೂರಿನಲ್ಲಿ ಜನ ಹಳೆಯ ಹಾಡಿಗೆ ಕೂಗುತ್ತಾರೆ, ಹೊಸದಕ್ಕೆ ತಲೆಯಾಡಿಸುತ್ತಾರೆ. ಈ ತಂಡ ಮೊದಲ ಬಾರಿಗೆ, ಜನರ ಮುಂದೆ ಹೆಚ್ಚು ಹಾಡೇ ಇರದ ಹಾಡುಗಳನ್ನು, ಅವುಗಳ ಪ್ರತಿ ಪದವನ್ನೂ ಮನೆಯಲ್ಲೇ ಕಲಿತು ಬಂದಿದ್ದ ಜನರ ಮುಂದೆ ಹಾಡಿತು.